ಹಳೇ ಎಸ್‌ಯುವಿ: ಆಟೋಮ್ಯಾಟಿಕ್‌ಗೆ ಆಯಿಲ್ ಬದಲಿಸುವುದೋ, ಕ್ಲಚ್ ಹಾಕಿಸಿಕೊಂಡು ಮ್ಯಾನುಯಲ್ ಓಡಿಸುವುದೋ?

ಪ್ರಶ್ನೆ: ನನ್ನದು ಹನ್ನೆರಡು ವರ್ಷದ ಡೀಸೆಲ್ ಎಸ್‌ಯುವಿ, ಫೋರ್ ವೀಲ್ ಡ್ರೈವ್, 6 ಸ್ಪೀಡ್ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವಂಥದ್ದು. 1,60,000 ಕಿ.ಮೀ. ಓಡಿದೆ. ಗೇರ್‌ಬಾಕ್ಸ್ ಆಯಿಲ್ ಇಲ್ಲಿಯವರೆಗೆ ಬದಲಿಸಿಲ್ಲ. ‘ಅದು ಲೈಫ್‌ಟೈಮ್ ಆಯಿಲ್, ಈಗ ಮುಟ್ಟಿದರೆ ಗೇರ್‌ಬಾಕ್ಸೇ ಹೋಗುತ್ತೆ’ ಎನ್ನುತ್ತಾರೆ ಮೆಕ್ಯಾನಿಕ್. ಗೇರ್‌ಗಳು ಸರಿಯಾಗಿ ಬೀಳುತ್ತವೆ. ಆದರೆ 60–70 ಕಿ.ಮೀ. ವೇಗದಲ್ಲಿ ಹಗುರವಾಗಿ ಆಕ್ಸಿಲರೇಟರ್ ಕೊಟ್ಟಾಗ ಗಾಡಿ ಸಣ್ಣಗೆ ನಡುಗುತ್ತದೆ. ಇದೇ ಮಾಡೆಲ್‌ನ ಮ್ಯಾನುಯಲ್ ಗಾಡಿಯೊಂದು ಮಾರಾಟಕ್ಕಿದೆ, ಅದರ ಕ್ಲಚ್ ತುಂಬಾ ಮೇಲೆ ಹಿಡಿಯುತ್ತದೆ. ಇರುವುದನ್ನೇ ರಿಪೇರಿ ಮಾಡಿಸಲೇ, ಅದನ್ನು ಕೊಂಡು ಕ್ಲಚ್ ಹಾಕಿಸಲೇ?

ಉತ್ತರ: ನೀವು ಬರೆದಿರುವ ತೊಂದರೆ ಅಷ್ಟೇ ಆಗಿದ್ದರೆ ಇರುವ ಗಾಡಿಯನ್ನೇ ಇಟ್ಟುಕೊಳ್ಳಿ. ಆಯಿಲ್ ಬದಲಿಸಿ. ಆದರೆ ಮಷಿನ್ ಹಚ್ಚಿ ಒಂದೇ ಸಲಕ್ಕೆ ತೊಳೆಸಬೇಡಿ, ಮೂರು ಕಂತಿನಲ್ಲಿ ಬದಲಿಸಿ. ಅದಕ್ಕೆ ಮುಂಚೆ ಅರ್ಧ ಗಂಟೆಯ ಒಂದು ಪರೀಕ್ಷೆ ಇದೆ. ಅದರಲ್ಲಿ ಗೇರ್ ಜಾರುವುದು ಕಂಡುಬಂದರೆ ಆಯಿಲ್‌ಗೆ ಸುರಿಯುವ ಹಣ ದಂಡ. ಆಗ ಮಾತ್ರ ಮ್ಯಾನುಯಲ್ ಗಾಡಿಯ ಬಗ್ಗೆ ಯೋಚಿಸಿ.

ಈ ಎರಡು ಖರ್ಚುಗಳ ಸ್ವಭಾವವೇ ಬೇರೆ. ಮ್ಯಾನುಯಲ್‌ನ ಕ್ಲಚ್ ಸವೆಯಲೆಂದೇ ಮಾಡಿದ ಭಾಗ. ಹೋಗುವ ಮೊದಲು ಸೂಚನೆ ಕೊಡುತ್ತದೆ, ಹೊಸದು ಹಾಕಿದ ದಿನ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಆಟೋಮ್ಯಾಟಿಕ್ ಒಳಗೂ ಕ್ಲಚ್‌ಗಳಿವೆ, ಒಂದಲ್ಲ, ನಾಲ್ಕೈದು ಪ್ಯಾಕ್. ಅವು ಆಯಿಲ್‌ನಲ್ಲಿ ಮುಳುಗಿಕೊಂಡೇ ಕೆಲಸ ಮಾಡುತ್ತವೆ. ಆಯಿಲ್ ಸರಿ ಇರುವವರೆಗೆ ಅವು ಎಂಜಿನ್‌ನಷ್ಟೇ ಬಾಳುತ್ತವೆ. ಆಯಿಲ್ ಕೆಟ್ಟರೆ ಹೊರಗೆ ಗೊತ್ತಾಗುವ ಹೊತ್ತಿಗೆ ಒಳಗೆ ಹಲವು ಭಾಗಗಳು ಒಟ್ಟಿಗೇ ಕೆಟ್ಟಿರುತ್ತವೆ. ಹಾಗಾಗಿ ಕ್ಲಚ್ ಹೋದ ಮ್ಯಾನುಯಲ್ ಎಂದರೆ ಎಷ್ಟು ಖರ್ಚು ಎಂದು ಮೊದಲೇ ಹೇಳಬಹುದಾದ ಗಾಡಿ. ಆಯಿಲ್ ಇತಿಹಾಸ ಗೊತ್ತಿಲ್ಲದ ಆಟೋಮ್ಯಾಟಿಕ್ ಹಾಗಲ್ಲ. ನಿಮ್ಮ ಗಾಡಿಯ ವಿಷಯದಲ್ಲಿ ಇತಿಹಾಸ ನಿಮಗೇ ಗೊತ್ತಿದೆ, ಅದು ದೊಡ್ಡ ಅನುಕೂಲ.

‘ಲೈಫ್‌ಟೈಮ್’ ಮಾತಿಗೆ ಬರೋಣ. ಆಟೋಮ್ಯಾಟಿಕ್ ಆಯಿಲ್ ಅಂದರೆ ಎಟಿಎಫ್ ನಾಲ್ಕು ಕೆಲಸ ಮಾಡುತ್ತದೆ: ಗ್ರೀಸಿಂಗ್, ತಂಪು, ವಾಲ್ವ್ ಬಾಡಿಯಲ್ಲಿ (ಆಯಿಲ್ ಒತ್ತಡದಿಂದ ಗೇರ್ ಬದಲಿಸುವ ಭಾಗ) ಒತ್ತಡ ಸಾಗಿಸುವುದು, ಆ ಕ್ಲಚ್ ಪ್ಯಾಕ್‌ಗಳ ಫ್ರಿಕ್ಷನ್ ಪ್ಲೇಟ್‌ಗಳು ಎಷ್ಟು ಮೆತ್ತಗೆ ಹಿಡಿಯಬೇಕು ಎಂಬುದನ್ನು ನಿಭಾಯಿಸುವುದು. ಕೊನೆಯದಕ್ಕೆ ಬೇಕಾದ ಫ್ರಿಕ್ಷನ್ ಮಾಡಿಫೈಯರ್‌ಗಳು ಶಾಖಕ್ಕೆ ಖರ್ಚಾಗುತ್ತವೆ. ಎಟಿಎಫ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓಡುತ್ತದೆ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯಿಲ್‌ನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವರ್ಕ್‌ಶಾಪ್‌ಗಳ ಒರಟು ಲೆಕ್ಕ. ಭಾರ ಎಳೆಯುವ, ಘಾಟಿ ಹತ್ತುವ, ಮರಳಿನಲ್ಲಿ ಓಡುವ ಎಸ್‌ಯುವಿಗೆ ಈ ಲೆಕ್ಕ ಬೇಗ ತಗಲುತ್ತದೆ. ಗಾಡಿ ಕಂಪನಿಗಳು ಲೈಫ್‌ಟೈಮ್ ಎಂದು ಬರೆದರೂ, ಅವಕ್ಕೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ತನ್ನ 6 ಸ್ಪೀಡ್ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ಹೇಳುತ್ತದೆ. ಮಾಡಿದವರ ಮಾತು ಕೇಳುವುದು ಮೇಲು.

ಹಾಗಾದರೆ ‘ಮುಟ್ಟಿದರೆ ಹೋಗುತ್ತೆ’ ಎನ್ನುವುದು ಬರೀ ಸುಳ್ಳೇ? ಪೂರ್ತಿ ಅಲ್ಲ. ಬಹಳ ಜನ ಗೇರ್ ಜಾರಲು ಶುರುವಾದ ಮೇಲೆ ಮೊದಲ ಸಲ ಆಯಿಲ್ ಬದಲಿಸುತ್ತಾರೆ. ಹೇಗೂ ಹೋಗಲಿದ್ದ ಗೇರ್‌ಬಾಕ್ಸ್ ಮುಂದಿನ ತಿಂಗಳು ಹೋಗುತ್ತದೆ, ತಪ್ಪು ಹೊಸ ಆಯಿಲ್ ತಲೆಗೆ ಬರುತ್ತದೆ. ಇನ್ನು ಕೆಲವು ಕಡೆ ಬೇರೆ ಸ್ಪೆಸಿಫಿಕೇಶನ್ ಆಯಿಲ್ ಸುರಿದಿರುತ್ತಾರೆ, ಇಲ್ಲವೇ ಮಟ್ಟ ಸರಿಯಾಗಿ ನೋಡಿರುವುದಿಲ್ಲ. ಒತ್ತಡದ ಫ್ಲಶ್ ಮಷಿನ್ ಇನ್ನೊಂದು ಕಾರಣ. ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಕೆಸರನ್ನು ಅದು ಎಬ್ಬಿಸಿ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಕಳಿಸುತ್ತದೆ. ಹಳೇ ಆಯಿಲ್‌ನಲ್ಲಿರುವ ಪುಡಿಯೇ ಪ್ಲೇಟ್‌ಗಳಿಗೆ ಹಿಡಿತ ಕೊಡುತ್ತಿತ್ತು ಎಂಬ ವಾದವೂ ಇದೆ. ಕೊಳೆ ಇದ್ದರಷ್ಟೇ ಹಿಡಿಯುವ ಪ್ಲೇಟ್‌ನ ಕತೆ ಆಗಲೇ ಮುಗಿದಿದೆ ಎಂದಷ್ಟೇ ಅದಕ್ಕೆ ಹೇಳಬಹುದು.

ಈಗ ಅರ್ಧ ಗಂಟೆಯ ಪರೀಕ್ಷೆ. ಗಾಡಿ ತಣ್ಣಗಿರುವಾಗ ಶುರು ಮಾಡಿ, ಬ್ರೇಕ್ ತುಳಿದು ಪಿ‌ಯಿಂದ ಡಿ‌ಗೆ, ಆಮೇಲೆ ಆರ್‌ಗೆ ಹಾಕಿ. ಒಂದೂವರೆ ಸೆಕೆಂಡಿನೊಳಗೆ ಗೇರ್ ಹಿಡಿದದ್ದು ಗೊತ್ತಾಗಬೇಕು. ಎರಡು ಸೆಕೆಂಡು ದಾಟಿ ‘ಧಡ್’ ಎಂದು ಹಿಡಿದರೆ ಒತ್ತಡ ಕಡಿಮೆ ಇದೆ ಎಂದರ್ಥ. ಆಯಿಲ್ ಕಡಿಮೆ ಇರಬಹುದು, ಸೀಲ್ ಗಟ್ಟಿಯಾಗಿರಬಹುದು. ಬಿಸಿಯಾದ ಮೇಲೆ ಹದವಾಗಿ ಓಡಿಸುತ್ತಾ ಪ್ರತಿ ಗೇರ್ ಬದಲಾವಣೆಯಲ್ಲೂ ಆರ್‌ಪಿಎಂ ಮುಳ್ಳು ನೋಡಿ. ಮೇಲಿನ ಗೇರ್‌ಗೆ ಹೋಗುವಾಗ ಮುಳ್ಳು ಕೆಳಗಿಳಿಯಬೇಕು. ಇಳಿಯುವ ಬದಲು ಒಂದು ಕ್ಷಣ 300–400 ಮೇಲಕ್ಕೆ ಹಾರಿ ಆಮೇಲೆ ಬಿದ್ದರೆ ಆ ಗೇರ್‌ನ ಕ್ಲಚ್ ಪ್ಯಾಕ್ ಜಾರುತ್ತಿದೆ.

ನಿಮ್ಮ ನಡುಕದ ಮೂಲ ಬಹುಶಃ ಇದಲ್ಲ. ಟಾರ್ಕ್ ಕನ್ವರ್ಟರ್ ಒಳಗೆ ಲಾಕ್‌ಅಪ್ ಕ್ಲಚ್ ಎಂಬುದೊಂದಿದೆ. ಒಂದೇ ವೇಗದಲ್ಲಿ ಸಾಗುವಾಗ ಅದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುತ್ತದೆ. ಪೂರ್ತಿ ಹಿಡಿಯುವ ಮುನ್ನ ಬೇಕೆಂದೇ ಕೆಲವು ಹತ್ತು ಆರ್‌ಪಿಎಂನಷ್ಟು ಜಾರುತ್ತಿರುತ್ತದೆ. ಆಯಿಲ್‌ನ ಮಾಡಿಫೈಯರ್ ಮುಗಿದಾಗ ಈ ನಯವಾದ ಜಾರುವಿಕೆ ಹೋಗಿ, ಹಿಡಿ–ಬಿಡು, ಹಿಡಿ–ಬಿಡು ಎಂದು ಸೆಕೆಂಡಿಗೆ ಹತ್ತಾರು ಸಲ ಆಗುತ್ತದೆ. ಕೂತವರಿಗೆ ಅದು ರಸ್ತೆಯ ರಂಬಲ್ ಪಟ್ಟಿಯ ಮೇಲೆ ಹೋದಂತೆ ಅನ್ನಿಸುತ್ತದೆ. ಖಚಿತ ಮಾಡಿಕೊಳ್ಳುವುದು ಸುಲಭ. ಹಿಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ, ನಡುಕ ಬಂದಾಗ ಆಕ್ಸಿಲರೇಟರ್ ಹಾಗೇ ಇಟ್ಟುಕೊಂಡು ಎಡಗಾಲಿನಿಂದ ಬ್ರೇಕ್ ಪೆಡಲ್ ಅನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ತಾಗಿಸಿ. ಬ್ರೇಕ್ ಸಿಗ್ನಲ್ ಬಂದೊಡನೆ ಕಂಪ್ಯೂಟರ್ ಲಾಕ್‌ಅಪ್ ಬಿಡಿಸುತ್ತದೆ. ನಡುಕ ತಕ್ಷಣ ನಿಂತು ಆರ್‌ಪಿಎಂ ಸ್ವಲ್ಪ ಏರಿದರೆ ಅಪರಾಧಿ ಲಾಕ್‌ಅಪ್ ಕ್ಲಚ್. ನಡುಕ ಹಾಗೇ ಮುಂದುವರಿದರೆ ಇಂಜೆಕ್ಟರ್, ಎಂಜಿನ್ ಮೌಂಟ್, ಪ್ರೊಪೆಲ್ಲರ್ ಶಾಫ್ಟ್ ಕಡೆ ನೋಡಬೇಕು. ಲಾಕ್‌ಅಪ್ ನಡುಕ ಶುರುವಿನ ಹಂತದಲ್ಲಿದ್ದರೆ ಸರಿಯಾದ ಹೊಸ ಆಯಿಲ್‌ಗೇ ಬಹಳ ಸಲ ವಾಸಿಯಾಗುತ್ತದೆ. ಬಿಟ್ಟರೆ ಅದರ ಲೈನಿಂಗ್ (ಹಿಡಿತ ಕೊಡುವ ಪದರ) ಉದುರಿ, ಆ ಪುಡಿ ಇಡೀ ಗೇರ್‌ಬಾಕ್ಸ್ ಸುತ್ತುತ್ತದೆ. ಕಾಯಬೇಡಿ ಎನ್ನುವುದು ಅದಕ್ಕೇ.

ಆಯಿಲ್ ಬದಲಿಸುವ ಕೆಲಸದಲ್ಲಿ ಮೊದಲ ತಪ್ಪು ಆಗುವುದು ಆಯಿಲ್ ಆರಿಸುವಲ್ಲಿ. ಡೆಕ್ಸ್‌ರಾನ್ 6, ಟೊಯೋಟಾ ಡಬ್ಲ್ಯುಎಸ್, ಮರ್ಕಾನ್ ಎಲ್‌ವಿ, ಎಸ್‌ಪಿ 4, ಮ್ಯಾಟಿಕ್ ಎಸ್, ಇವೆಲ್ಲ ಬೇರೆ ಬೇರೆ ಎಟಿಎಫ್ ಸ್ಪೆಸಿಫಿಕೇಶನ್‌ಗಳ ಹೆಸರು. ಹೆಚ್ಚಿನವು ನೋಡಲು ಒಂದೇ ಥರ ಇದ್ದರೂ ಫ್ರಿಕ್ಷನ್ ಗುಣ ಬೇರೆ ಬೇರೆ. ಬಣ್ಣ ಕೆಂಪು ಎಂದು ಯಾವುದನ್ನೋ ಹಾಕುವಂತಿಲ್ಲ. ಓನರ್ಸ್ ಮ್ಯಾನುಯಲ್‌ನಲ್ಲಿ ಬರೆದ ಸ್ಪೆಸಿಫಿಕೇಶನ್ ಡಬ್ಬದ ಮೇಲೂ ಇರಬೇಕು. ಸಿವಿಟಿ, ಡ್ಯುಯಲ್ ಕ್ಲಚ್ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್‌ಗಳ ಆಯಿಲ್‌ಗಳೇ ಬೇರೆ, ಅವು ನಿಮ್ಮ ಗೇರ್‌ಬಾಕ್ಸ್‌ಗೆ ಹತ್ತಿರವೂ ಬರಬಾರದು.

ಎರಡನೆಯದು ಲೆಕ್ಕ. ಇಂಥ ಗೇರ್‌ಬಾಕ್ಸ್‌ನಲ್ಲಿ ಒಟ್ಟು 10 ಲೀಟರ್ ಆಯಿಲ್ ಇದೆ ಎಂದಿಟ್ಟುಕೊಳ್ಳಿ. ಡ್ರೈನ್ ಪ್ಲಗ್ ತೆಗೆದರೆ ಬರುವುದು 4 ಲೀಟರ್ ಆಸುಪಾಸು. ಉಳಿದದ್ದು ಟಾರ್ಕ್ ಕನ್ವರ್ಟರ್, ಕೂಲರ್, ಪೈಪ್‌ಗಳಲ್ಲೇ ನಿಲ್ಲುತ್ತದೆ. ಒಂದು ಸಲ ಬದಲಿಸಿದರೆ ಹಳೆಯದು ನೂರಕ್ಕೆ 60ರಷ್ಟು ಉಳಿಯಿತು. ಎರಡನೇ ಸಲ 36, ಮೂರನೇ ಸಲ ಸುಮಾರು 22. ಅಂದರೆ 12 ಲೀಟರ್ ಖರ್ಚು ಮಾಡಿ ಮುಕ್ಕಾಲಿಗಿಂತ ಹೆಚ್ಚು ಹೊಸದಾಗುತ್ತದೆ. ಇಷ್ಟು ಸಾಕು. ಕಂತುಗಳ ನಡುವೆ 500ರಿಂದ 1,000 ಕಿ.ಮೀ. ಓಡಿಸಿ. ಹೊಸ ಆಯಿಲ್‌ನ ಡಿಟರ್ಜೆಂಟ್ ನಿಧಾನಕ್ಕೆ ಒಳಗಿನ ಕೊಳೆ ಕರಗಿಸಿಕೊಂಡು ಮುಂದಿನ ಡ್ರೈನ್‌ನಲ್ಲಿ ಹೊರಗೆ ಬರಲಿ.

ಮೊದಲ ಕಂತಿನಲ್ಲೇ ಪ್ಯಾನ್ (ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ) ಬಿಚ್ಚಿಸಿ ಫಿಲ್ಟರ್, ಗ್ಯಾಸ್ಕೆಟ್ ಬದಲಿಸಿ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಪ್ಯಾನ್ ಪ್ಲಾಸ್ಟಿಕ್‌ನದು, ಫಿಲ್ಟರ್ ಅದರಲ್ಲೇ ಸೇರಿರುತ್ತದೆ, ಇಡೀ ಪ್ಯಾನೇ ಹೊಸದು ಬರುತ್ತದೆ. ಗಾಡಿ ಮಟ್ಟವಾಗಿ ನಿಂತಿರಬೇಕು. ಡ್ರೈನ್ ಪ್ಲಗ್‌ಗೆ ಕೈ ಹಾಕುವ ಮೊದಲು ಮೇಲಿನ ಫಿಲ್ ಪ್ಲಗ್ ತೆರೆದು ನೋಡಬೇಕು. ಹನ್ನೆರಡು ವರ್ಷ ಬಿಚ್ಚದ ಪ್ಲಗ್ ಜಾಮ್ ಆಗಿರುವುದು ಹೊಸತಲ್ಲ. ಆಯಿಲ್ ಖಾಲಿ ಮಾಡಿದ ಮೇಲೆ ಅದು ಬಿಚ್ಚದಿದ್ದರೆ ಗಾಡಿ ಜ್ಯಾಕ್ ಮೇಲೇ ಉಳಿಯುತ್ತದೆ. ಇಳಿದು ಬಂದ ಆಯಿಲ್ ಅನ್ನು ಅಳತೆಯ ಜಗ್‌ನಲ್ಲಿ ಅಳೆದಿಡಿ, ಮೊದಲಿಗೆ ಅಷ್ಟನ್ನೇ ತುಂಬಿ. ಪ್ಯಾನ್ ಬೋಲ್ಟ್‌ಗಳು ಸಣ್ಣವು, ಹೆಚ್ಚಿನವಕ್ಕೆ 8ರಿಂದ 12 ನ್ಯೂಟನ್ ಮೀಟರ್ ಸಾಕು. ಇನ್ನೂ ಬಿಗಿಯಲಿ ಎಂದು ತಿರುಗಿಸಿದರೆ ಗ್ಯಾಸ್ಕೆಟ್ ಹಿಂಡಿ ಸೋರುತ್ತದೆ, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ.

ಬಿಚ್ಚಿದ ಪ್ಯಾನ್ ಅನ್ನು ಮೆಕ್ಯಾನಿಕ್ ತೊಳೆದುಬಿಡುವ ಮುನ್ನ ನೀವು ನೋಡಬೇಕು. ಇಡೀ ಕೆಲಸದಲ್ಲಿ ಗೇರ್‌ಬಾಕ್ಸ್‌ನ ಒಳಗಿನ ಸ್ಥಿತಿ ಕಣ್ಣಿಗೆ ಬೀಳುವುದು ಇಲ್ಲೊಂದೇ ಕಡೆ. ತಳದಲ್ಲಿ ಒಂದೆರಡು ಅಯಸ್ಕಾಂತಗಳಿರುತ್ತವೆ. ಅವುಗಳ ಮೇಲೆ ಬೂದು ಬಣ್ಣದ, ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಸಿಗುವ ಪೇಸ್ಟ್ ಇದ್ದರೆ ಚಿಂತೆ ಇಲ್ಲ, ಇಷ್ಟು ಓಡಿದ ಗಾಡಿಗೆ ಅದು ಸಹಜ. ಉಜ್ಜಿದಾಗ ಚುಚ್ಚುವ ಚೂರುಗಳು ಸಿಕ್ಕರೆ ಗೇರ್ ಅಥವಾ ಬೇರಿಂಗ್ ಒಡೆಯುತ್ತಿದೆ. ಅಯಸ್ಕಾಂತಕ್ಕೆ ಅಂಟದೆ ಪ್ಯಾನ್‌ನಲ್ಲಿ ಹೊಳೆಯುವ ಹಳದಿ ಕಣಗಳು ಬುಶ್ ಸವೆತದ ಗುರುತು. ಕಪ್ಪು ಪದರ ಪದರ ಚೂರುಗಳು ಫ್ರಿಕ್ಷನ್ ಲೈನಿಂಗ್. ಆಯಿಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಮುಂದಿನ ಎರಡು ಕಂತಿನ ಹಣ ಉಳಿಸಿಕೊಳ್ಳಿ.

ಇನ್ನೊಂದು ಬಣ್ಣ ಗುಲಾಬಿ, ಹಾಲು ಬೆರೆಸಿದಂಥದ್ದು. ಅದು ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ತೂತಾಗಿ ಕೂಲೆಂಟ್ ಸೇರಿರುವ ಲಕ್ಷಣ. 2005–2010ರ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ಗಾಡಿಗಳು ಈ ತೊಂದರೆಗೆ ಕುಖ್ಯಾತ. ಕೂಲೆಂಟ್‌ನಲ್ಲಿರುವ ನೀರು ಮತ್ತು ಗ್ಲೈಕಾಲ್ ಫ್ರಿಕ್ಷನ್ ಲೈನಿಂಗ್‌ನ ಅಂಟನ್ನೇ ಬಿಡಿಸುತ್ತವೆ. ಹೀಗಾಗಿದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಹಳೇ ಎಸ್‌ಯುವಿಯ ರೇಡಿಯೇಟರ್‌ಗೆ ವಯಸ್ಸಾಗಿದ್ದರೆ ಕೂಲರ್ ತೂತಾಗುವ ಮುಂಚೆಯೇ ಬದಲಿಸುವುದು ಜಾಣತನ, ಭಾರ ಎಳೆಯುವವರಂತೂ ಹೊರಗೆ ಬೇರೆ ಕೂಲರ್ ಹಾಕಿಸಿಕೊಳ್ಳಬೇಕು.

ತುಂಬಿದ ಮೇಲೆ ಮಟ್ಟ ನೋಡುವುದು ನಾಜೂಕಿನ ಕೆಲಸ, ಅವಸರ ನಡೆಯುವುದೂ ಇಲ್ಲೇ. ಎಟಿಎಫ್ ಬಿಸಿಗೆ ಹಿಗ್ಗುತ್ತದೆ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ, ಬ್ರೇಕ್ ತುಳಿದು ಎಲ್ಲ ಗೇರ್‌ಗಳನ್ನೂ ಕೆಲವು ಸೆಕೆಂಡು ಹಾಕಿ ತೆಗೆದು, ಪಿ‌ಯಲ್ಲಿ ಬಿಟ್ಟು, ಕಂಪನಿ ಹೇಳಿದ ತಾಪಮಾನದಲ್ಲಿ ಲೆವೆಲ್ ಪ್ಲಗ್ ತೆಗೆಯಬೇಕು. ಹಲವು ಗೇರ್‌ಬಾಕ್ಸ್‌ಗಳಿಗೆ ಇದು 30ರಿಂದ 50 ಡಿಗ್ರಿ ನಡುವೆ. ಸಣ್ಣ ಧಾರೆಯಾಗಿ ಹರಿದು ಹನಿಹನಿಗೆ ಇಳಿದಾಗ ಪ್ಲಗ್ ಹಾಕಬೇಕು. ತಾಪಮಾನವನ್ನು ಸ್ಕ್ಯಾನರ್‌ನಲ್ಲೇ ಓದಬೇಕು, ಕೈಯಿಂದ ಮುಟ್ಟಿ ಅಂದಾಜಿಸುವುದಲ್ಲ. 80 ಡಿಗ್ರಿಯಲ್ಲಿ ನೋಡಿ ‘ಸರಿ ಇದೆ’ ಎಂದರೆ ವಾಸ್ತವದಲ್ಲಿ ಆಯಿಲ್ ಕಡಿಮೆ ಇರುತ್ತದೆ, ತಿರುವಿನಲ್ಲಿ, ಏರಿನಲ್ಲಿ ಪಂಪ್ ಗಾಳಿ ಎಳೆದು ಗೇರ್ ಜಾರುತ್ತದೆ. ಹೆಚ್ಚಾದರೂ ಗೇರ್‌ಗಳು ಆಯಿಲ್ ಕಡೆದು ನೊರೆ ಎಬ್ಬಿಸುತ್ತವೆ. ಕೊನೆಗೆ ಅಡಾಪ್ಟೇಶನ್ ರೀಸೆಟ್ (ಗೇರ್‌ಬಾಕ್ಸ್ ಕಂಪ್ಯೂಟರ್ ಕಲಿತಿಟ್ಟ ಹೊಂದಾಣಿಕೆ ಅಳಿಸುವುದು) ಅಗತ್ಯವೇ ಎಂದು ಸರ್ವಿಸ್ ಮ್ಯಾನುಯಲ್ ನೋಡಿ. ಹಳೇ ಆಯಿಲ್‌ಗೆ ಹೊಂದಿಕೊಂಡಿದ್ದ ಕಂಪ್ಯೂಟರ್ ಹೊಸದಕ್ಕೆ ಹೊಂದಿಕೊಳ್ಳಲು ಒಂದಿಷ್ಟು ಕಿಲೋಮೀಟರ್ ತೆಗೆದುಕೊಳ್ಳುತ್ತದೆ, ಅಷ್ಟರೊಳಗೆ ಗೇರ್ ಸ್ವಲ್ಪ ಒರಟಾಗಿ ಬಿದ್ದರೆ ಗಾಬರಿ ಬೇಡ.

ಪರೀಕ್ಷೆಯಲ್ಲಿ ಜಾರುವುದು ಖಚಿತವಾಗಿ, ಪ್ಯಾನ್‌ನಲ್ಲಿ ಲೈನಿಂಗ್ ಚೂರುಗಳೂ ಸಿಕ್ಕರೆ ಓವರ್‌ಹಾಲ್ ಬಿಟ್ಟು ದಾರಿಯಿಲ್ಲ. ಫ್ರಿಕ್ಷನ್ ಪ್ಲೇಟ್, ಸೀಲ್ ಕಿಟ್, ರೀಕಂಡಿಶನ್ ಆದ ಟಾರ್ಕ್ ಕನ್ವರ್ಟರ್, ವಾಲ್ವ್ ಬಾಡಿ ಪರೀಕ್ಷೆ ಎಲ್ಲ ಸೇರಿ ಕ್ಲಚ್ ಕೆಲಸದ ಹಲವು ಪಟ್ಟು ಖರ್ಚು. ಅದರ ಜೊತೆ ಕೂಲರ್ ಬದಲಿಸದಿದ್ದರೆ, ಅದರಲ್ಲಿ ಸಿಕ್ಕಿಕೊಂಡ ಹಳೇ ಚೂರು ಹೊಸ ಗೇರ್‌ಬಾಕ್ಸನ್ನೂ ತಿನ್ನುತ್ತದೆ.

ಆಗ ಆ ಮ್ಯಾನುಯಲ್ ನೋಡಲು ಹೋಗಿ. ಕ್ಲಚ್ ಮೇಲೆ ಹಿಡಿಯುವುದೊಂದೇ ಸವೆತಕ್ಕೆ ಪುರಾವೆಯಲ್ಲ. ಕೇಬಲ್ ಇದ್ದರೆ ಅಡ್ಜಸ್ಟ್‌ಮೆಂಟ್ ತಪ್ಪಿರಬಹುದು. ಹೈಡ್ರಾಲಿಕ್ ಕ್ಲಚ್ ಸವೆತವನ್ನು ತಾನೇ ಸರಿದೂಗಿಸಿಕೊಳ್ಳುವುದರಿಂದ ಪೆಡಲ್ ಜಾಗ ಅಷ್ಟು ನಂಬಿಕೆಯದಲ್ಲ. ಖಾಲಿ ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರ್, ಸುಮಾರು 50 ಕಿ.ಮೀ. ವೇಗ, ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗಕ್ಕಿಂತ ಮುಂದಾಗಿ ಆರ್‌ಪಿಎಂ ಏರಿದರೆ ಪ್ಲೇಟ್ ಜಾರುತ್ತಿದೆ. ಒಂದು ಸಲ ಸಾಕು, ಮತ್ತೆ ಮತ್ತೆ ಮಾಡಿದರೆ ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ನಿನ ಚಕ್ರ) ಸುಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಬಿಟ್ಟು ಎಂಜಿನ್ ಆಫ್ ಆಗುತ್ತದೆಯೇ ಎಂದು ನೋಡುವ ಪದ್ಧತಿಯನ್ನೂ ಬಿಡಿ. ಪೆಡಲ್ ಪೂರ್ತಿ ತುಳಿದು ಮೂರ್ನಾಲ್ಕು ಸೆಕೆಂಡು ತಡೆದು ರಿವರ್ಸ್ ಹಾಕಿದಾಗ ‘ಕರ್’ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಗೇರ್‌ಬಾಕ್ಸ್ ಇಳಿಸುವ ಮುಂಚೆ, ಪೆಡಲ್‌ನ ಒತ್ತಡವನ್ನು ಫ್ಲೂಯಿಡ್ ಮೂಲಕ ಕ್ಲಚ್‌ಗೆ ಮುಟ್ಟಿಸುವ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್, ಒಳಗೆ ಸೇರಿರುವ ಗಾಳಿ, ಕಪ್ಪಾದ ಫ್ಲೂಯಿಡ್ ಇವನ್ನು ನೋಡಿ. ಎಷ್ಟೋ ‘ಹೋದ ಕ್ಲಚ್‌ಗಳು’ ಬ್ಲೀಡ್ ಮಾಡಿ ಆ ಗಾಳಿ ತೆಗೆದೊಡನೆ ಸರಿಯಾಗುತ್ತವೆ. ಪೆಡಲ್ ತುಳಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್, ತುಳಿದಾಗ ಇದ್ದ ಸದ್ದು ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್. ಎರಡನೆಯದಾದರೆ ಗಾಡಿಯ ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು.

ಫೋರ್ ವೀಲ್ ಡ್ರೈವ್‌ನಲ್ಲಿ ಕ್ಲಚ್ ಬದಲಿಸುವುದೆಂದರೆ ಪ್ರೊಪೆಲ್ಲರ್ ಶಾಫ್ಟ್‌ಗಳು, ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಕ್ರಾಸ್ ಮೆಂಬರ್ ಎಲ್ಲ ಬಿಚ್ಚಿ ಗೇರ್‌ಬಾಕ್ಸ್ ಇಳಿಸುವುದು. ಕೂಲಿಯೇ ದೊಡ್ಡದು. ಹಾಗಾಗಿ ಪ್ಲೇಟ್ ಒಂದನ್ನೇ ಹಾಕಿಸುವುದು ಸುಳ್ಳು ಉಳಿತಾಯ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ. ಬೇರಿಂಗ್ ಜೊತೆಗೇ ಕೂಡಿದ ಸ್ಲೇವ್ ಸಿಲಿಂಡರ್ ಇದ್ದರೆ ಅದೂ, ಪೈಲಟ್ ಬೇರಿಂಗ್ ಇದ್ದರೆ ಅದೂ. ಎಂಜಿನ್‌ನ ಹಿಂದಿನ ಆಯಿಲ್ ಸೀಲ್, ಗೇರ್‌ಬಾಕ್ಸ್‌ನ ಮುಂದಿನ ಸೀಲ್ ಒದ್ದೆಯಾಗಿದ್ದರೆ ಆಗಲೇ ಬದಲಿಸಿ. ಹೊಸ ಪ್ಲೇಟ್ ಮೇಲೆ ಆಯಿಲ್ ಬಿದ್ದರೆ ಅದು ಜಾರುವುದಕ್ಕಿಂತ ಮೊದಲು ಕಂಪಿಸಲು ಶುರು ಮಾಡುತ್ತದೆ, ಒರೆಸಿದರೆ ಹೋಗುವುದಿಲ್ಲ.

ಖರ್ಚನ್ನು ದಿಢೀರನೆ ಏರಿಸುವುದು ಡ್ಯುಯಲ್ ಮಾಸ್ ಫ್ಲೈವೀಲ್. ಡೀಸೆಲ್ ಎಸ್‌ಯುವಿಗಳಲ್ಲಿ ಇದು ಸಾಮಾನ್ಯ. ಎರಡು ತುಂಡುಗಳ ನಡುವೆ ಸ್ಪ್ರಿಂಗ್ ಇದ್ದು ಎಂಜಿನ್ನಿನ ಏಟುಗಳನ್ನು ನುಂಗಿಕೊಳ್ಳುತ್ತದೆ. ಎಂಜಿನ್ ಆಫ್ ಮಾಡುವಾಗ ‘ಕಟಕಟ’ ಸದ್ದು, ಅಂಚಿನಲ್ಲಿ ಗ್ರೀಸ್ ಎರಚಿರುವುದು, ಕಂಪನಿ ಕೊಟ್ಟ ಮಿತಿಗಿಂತ ಹೆಚ್ಚಿನ ಅಲುಗಾಟ, ಇವುಗಳಲ್ಲಿ ಒಂದಿದ್ದರೂ ಬದಲಿಸಬೇಕು. ಇದನ್ನು ಒಂದೇ ತುಂಡಿನ ಸಾದಾ ಫ್ಲೈವೀಲ್‌ಗೆ ಪರಿವರ್ತಿಸಿ ಎಂದು ಹೇಳುವವರಿದ್ದಾರೆ. ಅಗ್ಗ ನಿಜ, ಆದರೆ ಫ್ಲೈವೀಲ್ ನುಂಗುತ್ತಿದ್ದ ಏಟು ಗೇರ್‌ಬಾಕ್ಸ್‌ಗೆ ಹೋಗುತ್ತದೆ, ಐಡಲ್‌ನಲ್ಲಿ ಗೇರ್ ಗಲಗಲ ಎನ್ನುತ್ತದೆ. ಟಾರ್ಕ್ ಹೆಚ್ಚಿರುವ ಡೀಸೆಲ್‌ಗೆ ನನ್ನ ಸಲಹೆ ಬೇಡ ಎಂದೇ. ಮೊದಲಿನಿಂದಲೂ ಸಾದಾ ಫ್ಲೈವೀಲ್ ಇರುವ ಗಾಡಿಯಾದರೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು ನೋಡಿ, ಮಿತಿಯೊಳಗೆ ಗ್ರೈಂಡ್ ಮಾಡಿಸಿದರೆ ಸಾಕು.

ಜೋಡಿಸುವಾಗ ಹಾಳಾಗುವ ಕೆಲವು ಕಡೆಗಳಿವೆ. ಫ್ಲೈವೀಲ್ ಬೋಲ್ಟ್‌ಗಳು ಹೊಸವೇ ಆಗಬೇಕು, ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಪ್ರೆಷರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಒಂದೊಂದು ಸುತ್ತು ಬಿಗಿಯುತ್ತಾ ಹೋಗಬೇಕು, ಇಲ್ಲದಿದ್ದರೆ ಕವರ್ ಬಾಗುತ್ತದೆ. ಇನ್‌ಪುಟ್ ಶಾಫ್ಟ್‌ನ ಹಲ್ಲುಗಳಿಗೆ (ಸ್ಪ್ಲೈನ್) ತೆಳ್ಳಗೆ ಗ್ರೀಸ್ ಸವರಿ ಮಿಕ್ಕದ್ದನ್ನು ಒರೆಸಬೇಕು. ಗೇರ್‌ಬಾಕ್ಸ್ ಎತ್ತುವಾಗ ಅದರ ಭಾರ ಇನ್‌ಪುಟ್ ಶಾಫ್ಟ್ ಮೇಲೆ ಒಂದು ಕ್ಷಣವೂ ತೂಗಬಾರದು. ಹೊಸ ಪ್ಲೇಟ್‌ನ ನಡುಭಾಗ ಬಾಗುವುದು ಆಗಲೇ, ಆಮೇಲೆ ‘ಹೊಸ ಕ್ಲಚ್ ಆದರೂ ಗೇರ್ ಬೀಳುತ್ತಿಲ್ಲ’ ಎಂಬ ದೂರು. ಟ್ರಾನ್ಸ್‌ಮಿಶನ್ ಜ್ಯಾಕ್ ಇಲ್ಲದ ಕಡೆ ಈ ಕೆಲಸ ಕೊಡಬೇಡಿ. ಮೊದಲ 500 ಕಿ.ಮೀ. ಭಾರ ಎಳೆಯುವುದು, ಏರಿನಲ್ಲಿ ಕ್ಲಚ್ ಮೇಲೆ ನಿಲ್ಲಿಸುವುದು ಬೇಡ. ತೀರಾ ಕಡಿದಾದ ಕಡೆ ಲೋ ರೇಂಜ್ (ಫೋರ್ ವೀಲ್ ಡ್ರೈವ್‌ನ ನಿಧಾನದ, ಹೆಚ್ಚು ಬಲದ ಗೇರ್) ಇರುವುದೇ ಕ್ಲಚ್ ಉಳಿಸಲು, ರಿವರ್ಸ್ ಏರುವಾಗಲಂತೂ ಅದನ್ನು ಬಳಸಿ.

ಹೇಗೂ ಗೇರ್‌ಬಾಕ್ಸ್ ಇಳಿಸಿರುವಾಗ ಮ್ಯಾನುಯಲ್‌ನ ಗೇರ್ ಆಯಿಲ್ ಕೂಡ ಬದಲಿಸಿ. ಕಂಪನಿ ಜಿಎಲ್ 4 ದರ್ಜೆಯ ಆಯಿಲ್ ಹೇಳಿದ್ದರೆ ಜಿಎಲ್ 5 ಹಾಕಬೇಡಿ. ಡಿಫರೆನ್ಷಿಯಲ್‌ಗಾಗಿ ಮಾಡಿದ ಅದರ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಲು ಇರುವ ಹಿತ್ತಾಳೆಯ ಸಿಂಕ್ರೊನೈಜರ್ ಉಂಗುರಗಳನ್ನು ತಿನ್ನಬಹುದು. ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ಬೇರೆ ಬೇರೆ. ನಿಮ್ಮ ಆಟೋಮ್ಯಾಟಿಕ್‌ನಲ್ಲೂ ಅವು ಹನ್ನೆರಡು ವರ್ಷದಿಂದ ಹಾಗೇ ಇದ್ದರೆ, ಮೊದಲ ಕಂತಿನ ದಿನವೇ ಅವನ್ನೂ ಬದಲಿಸಿಬಿಡಿ.